ಆಭರಣವಿಲ್ಲದ ಮುಖ

ಕೊಟ್ಟೂರಿನ ಆ ತರಬೇತಿ ಕೇಂದ್ರ ಮೊದಲು ಶೇಂಗಾ ಗೋದಾಮಾಗಿತ್ತು. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರೂ ಮೂಲೆಗಳಲ್ಲಿ ಇನ್ನೂ ಶೇಂಗಾದ ಹೊಟ್ಟು ಉಳಿದಿತ್ತು. ೧೯೯೭ರ ಜುಲೈನಲ್ಲಿ ಒಂದು ಸೋಮವಾರ ಕ್ರಾಂತಿ ಅಲ್ಲಿಗೆ ಬಂದಾಗ ಹತ್ತು ಜನ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದರು. ಕಲಿಸುವವರು ಯಾರೆಂದು ಗೊತ್ತಾಗದೆ, ಬರೀ ಬನಿಯನ್ ತೊಟ್ಟು ಕಸ ಗುಡಿಸುತ್ತಿದ್ದ ಮುದುಕನನ್ನೇ ಹಿಂದಿನಿಂದ ಕೇಳಿದಳು:

"ಯಜಮಾನ್ರ, ಮೇಷ್ಟ್ರು ಇನ್ನೂ ಬಂದಿಲ್ಲೇನ್ರಿ?"

ಆತ ತಿರುಗಿಯೂ ನೋಡಲಿಲ್ಲ. ಗುಡಿಸುವುದು ಮುಗಿಸಿ, ಪೊರಕೆಯನ್ನು ಮೂಲೆಗಿಟ್ಟು, ಗೂಟಕ್ಕೆ ಹಾಕಿದ್ದ ಅಂಗಿ ತೊಟ್ಟುಕೊಂಡು ಎಲ್ಲರ ಎದುರಿಗೆ ಬಂದು ಕುಳಿತ. ಅವರೇ ಪಾಲಣ್ಣ ಮೇಷ್ಟ್ರು. ಕ್ರಾಂತಿಯ ಮುಖ ಕೆಂಪಾಯಿತು. ಇವರಿಗೆ ಸೊಕ್ಕು ಎಂದು ಅವಳಿಗೆ ಮೊದಲ ದಿನವೇ ಅನ್ನಿಸಿತು.

ಅವಳು ಹೂವಿನಹಡಗಲಿಯವಳು. ಆಗ ಇಪ್ಪತ್ತಮೂರು ವರ್ಷ. ಸಭೆ ಭಾಷಣ ಅಂತ ಊರೂರು ತಿರುಗುತ್ತಿದ್ದ ಅಪ್ಪ ಇಟ್ಟ ಹೆಸರು ಅದು. ಆತ ತೀರಿಕೊಂಡ ಮೇಲೆ ಅಣ್ಣ ಭೀಮೇಶನೇ ಮನೆಯ ಹಿರಿಯ. ಅವನಿಗೆ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಕೆಲಸ. ಕ್ರಾಂತಿ ಚಿತ್ರಕಲೆಯ ಕೋರ್ಸು ಮುಗಿಸಿ ಡ್ರಾಯಿಂಗ್ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿ ಎರಡು ವರ್ಷವಾಗಿತ್ತು. ಪೇಪರಿನಲ್ಲಿ 'ಲೋಹದ ಉಬ್ಬುಚಿತ್ರ, ಆರು ತಿಂಗಳ ತರಬೇತಿ' ಎಂಬ ಪ್ರಕಟಣೆ ನೋಡಿದವನು ಭೀಮೇಶನೇ. "ಸುಮ್ನ ಮನ್ಯಾಗ ಕುಂತು ಏನ್ ಮಾಡ್ತಿ, ಹೋಗಿ ನೋಡು," ಎಂದಿದ್ದ. ಹಗರಿಬೊಮ್ಮನಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ದಿನವೂ ಬಸ್ಸಿಗೆ ಓಡಾಡುವುದೆಂದು ಗೊತ್ತಾಗಿತ್ತು.

ಪಾಲಣ್ಣ ಮೇಷ್ಟ್ರು ಆ ದಿನ ಭಾಷಣವನ್ನೇನೂ ಮಾಡಲಿಲ್ಲ. "ಹೊರಗ ಹೋಗಿ ಯಾವ್ದಾರ ಒಂದು ಎಲಿ ತರ್ರಿ," ಎಂದರು. ಯಾರೋ ಒಬ್ಬರು ಒಣಗಿದ ಮುತ್ತುಗದ ಎಲೆ ತಂದುಕೊಟ್ಟರು. ಅಂಚನ್ನು ಹುಳ ತಿಂದಿತ್ತು, ಒಂದು ಕಡೆ ಮುರುಟಿಕೊಂಡಿತ್ತು. ಮೇಷ್ಟ್ರು ಅದನ್ನು ತೊಡೆಯ ಪಕ್ಕ ಇಟ್ಟುಕೊಂಡು, ಅಂಗೈಯಗಲದ ತಾಮ್ರದ ತಗಡನ್ನು ಅರಗಿನ ಬಾಣಲೆಯ ಮೇಲೆ ಕೂರಿಸಿದರು. ರಾಳ, ಇಟ್ಟಿಗೆ ಪುಡಿ, ಎಣ್ಣೆ ಕಾಯಿಸಿ ಮಾಡಿದ ಆ ಕಪ್ಪು ಅರಗು ಮೇಲಿನ ತಗಡನ್ನು ಭದ್ರವಾಗಿ ಹಿಡಿಯುತ್ತದೆ, ಆದರೆ ಉಳಿಯ ಪೆಟ್ಟು ಬಿದ್ದಲ್ಲಿ ಮೆತ್ತಗೆ ಒಳಕ್ಕೆ ಜಾಗ ಬಿಡುತ್ತದೆ. ಮೊಂಡು ಮೂತಿಯ ಉಳಿ ಹಿಡಿದು ಮೇಷ್ಟ್ರು ತಗಡಿನ ಬೆನ್ನಿನ ಕಡೆಯಿಂದ ಬಡಿಯತೊಡಗಿದರು. ನೋಡುವವರಿಗೆ ಕಂಡದ್ದು ಬರೀ ಗುಳಿಗಳು. ನಡುನಡುವೆ ಬಿಡಿಸಿ, ಕೆಂಡದ ಮೇಲೆ ಕೆಂಪಗೆ ಕಾಯಿಸಿ, ಮತ್ತೆ ಕೂರಿಸಿ ಬಡಿದರು. ಮಧ್ಯಾಹ್ನದ ಚಹಾ ಬರುವ ಹೊತ್ತಿಗೆ ತಗಡನ್ನು ಕಿತ್ತು, ಅಂಚು ಕತ್ತರಿಸಿ, ಹೊಗೆ ಹಿಡಿಸಿ ಬಣ್ಣ ಇಳಿಸಿ, ನೆಲದ ಮೇಲಿಟ್ಟರು.

ಎರಡು ಎಲೆಗಳಿದ್ದವು. ಎರಡಕ್ಕೂ ಹುಳ ತಿಂದ ಅಂಚು. ಎರಡರಲ್ಲೂ ನಡುನರದಿಂದ ಕವಲೊಡೆದ ನರಗಳು ಕೂದಲಿನಷ್ಟು ಸಣ್ಣದಾಗಿ ಅಂಚಿನವರೆಗೆ ಹೋಗಿದ್ದವು. ಕ್ರಾಂತಿಯ ಪಕ್ಕದಲ್ಲಿ ಕುಳಿತಿದ್ದ ಯರ್ರೆಪ್ಪ ಎಂಬ ಕೂಡ್ಲಿಗಿಯ ಯುವಕ ಬಗ್ಗಿ ಉಫ್ ಎಂದು ಊದಿದ. ಒಂದು ಎಲೆ ಹಾರಿ ಬಾಗಿಲಿಗೆ ಹೋಯಿತು. ಇನ್ನೊಂದು ಕದಲಲಿಲ್ಲ. ಐದು ವರ್ಷ ಪೆನ್ಸಿಲು ಹಿಡಿದು ಬರೆದದ್ದೆಲ್ಲ ಕ್ರಾಂತಿಯ ಮನಸ್ಸಿನಲ್ಲಿ ಒಮ್ಮೆಲೇ ತೆಳ್ಳಗಾಗಿ ಹೋಯಿತು. ಸೊಕ್ಕಿನ ಮನುಷ್ಯನಾದರೂ ಸರಿಯೆ, ಈ ಕೈಯಲ್ಲಿರುವುದನ್ನು ಕಲಿಯದೆ ಹೋಗುವುದಿಲ್ಲ ಎಂದುಕೊಂಡಳು.

ಕೇಂದ್ರದ ನಡುವೆ ಸಾಗುವಾನಿಯ ಒಂದು ಉದ್ದನೆಯ ತೊಲೆ ಹಾಸಿತ್ತು. ಎಲ್ಲರೂ ಅದರ ಎರಡೂ ಬದಿಗೆ ಕುಳಿತು, ತಮ್ಮ ತಮ್ಮ ಬಾಣಲೆಗಳನ್ನು ಅದರ ಮೇಲಿಟ್ಟುಕೊಂಡು ಬಡಿಯಬೇಕು. ಮೇಷ್ಟ್ರು ತುದಿಯಲ್ಲಿ ಕೂತು ಎಡ ಅಂಗೈಯನ್ನು ತೊಲೆಯ ಮೇಲೆ ಚಪ್ಪಟೆಯಾಗಿ ಇಟ್ಟಿರುತ್ತಿದ್ದರು. ಕಣ್ಣು ತಮ್ಮ ಕೆಲಸದ ಮೇಲೆ. ಆದರೂ ಇದ್ದಕ್ಕಿದ್ದಂತೆ, "ಯರ್ರೆಪ್ಪ, ಉಳಿ ಸೊಟ್ಟ ಹಿಡಿದಿ," ಎನ್ನುವರು. ನೋಡಿದರೆ ಹೌದು, ಸೊಟ್ಟ ಹಿಡಿದಿದ್ದಾನೆ. "ಕ್ರಾಂತವ್ವ, ಸಿಟ್ಟು ಯಾರ ಮ್ಯಾಲ? ತಾಮ್ರದ ಮ್ಯಾಲ ತೋರ್ಸಬ್ಯಾಡ." ಅವಳು ನಿಜಕ್ಕೂ ಬೆಳಿಗ್ಗೆ ಚಿಕ್ಕಮ್ಮನ ಜೊತೆ ಜಗಳಾಡಿ ಬಂದಿರುತ್ತಿದ್ದಳು. ಹನ್ನೊಂದು ಜನ ಒಟ್ಟಿಗೆ ಬಡಿಯುವಾಗ ಅದರಲ್ಲಿ ಯಾರ ಪೆಟ್ಟು ಯಾವುದೆಂದು ತಲೆಯೆತ್ತದೆ ಗುರುತಿಸುವುದು ಹೇಗೆಂದು ಯಾರಿಗೂ ಬಗೆಹರಿಯಲಿಲ್ಲ. ಮೇಷ್ಟ್ರ ಕಿವಿ ಬಲು ಚುರುಕು ಎಂದು ಎಲ್ಲರೂ ಮಾತಾಡಿಕೊಂಡರು. ಅಷ್ಟು ಚುರುಕು ಕಿವಿಯವರು ಹಿಂದಿನಿಂದ ನಮಸ್ಕಾರ ಹೇಳಿದರೆ ಉತ್ತರ ಕೊಡುವುದಿಲ್ಲವೆಂಬುದೇ ಅವರಿಗೆ ಸೊಕ್ಕಿನ ಸಾಕ್ಷಿಯಾಯಿತು.

ನಿಜ ಗೊತ್ತಾದದ್ದು ಅಕ್ಟೋಬರಿನಲ್ಲಿ, ಅದೂ ಕ್ರಾಂತಿಯೊಬ್ಬಳಿಗೆ. ಸಂಜೆ ಐದರ ಹೊತ್ತು. ಮೇಷ್ಟ್ರು ಮುಂದೆ, ಅವಳು ಇಪ್ಪತ್ತು ಹೆಜ್ಜೆ ಹಿಂದೆ, ಬಸ್ ಸ್ಟ್ಯಾಂಡ್ ಕಡೆ ನಡೆಯುತ್ತಿದ್ದರು. ಮೇಷ್ಟ್ರು ರಸ್ತೆ ದಾಟಲು ಹೆಜ್ಜೆ ಇಟ್ಟರು. ಹಿಂದಿನಿಂದ ಒಂದು ಬಸ್ಸು ಒಂದೇ ಸಮನೆ ಹಾರ್ನ್ ಒತ್ತುತ್ತ ಬಂತು. ಅಂಗಡಿಗಳಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೇಷ್ಟ್ರು ಮಾತ್ರ ತಮ್ಮ ಪಾಡಿಗೆ ತಾವು ನಿಧಾನವಾಗಿ ನಡೆಯುತ್ತಲೇ ಇದ್ದರು. ಕ್ರಾಂತಿ ಓಡಿಹೋಗಿ ರಟ್ಟೆ ಹಿಡಿದು ಎಳೆದಳು. ಇಬ್ಬರೂ ರಸ್ತೆಯ ಬದಿಗೆ ಬಿದ್ದರು. ಬಸ್ಸು ಬ್ರೇಕ್ ಹಾಕಿ ನಿಂತು, ಡ್ರೈವರು ಬಾಯಿಗೆ ಬಂದಂತೆ ಬೈದು ಹೋದ.

ಮೇಷ್ಟ್ರು ಎದ್ದು ಧೋತರದ ಮಣ್ಣು ಕೊಡವಿಕೊಂಡರು. ಅವಳ ಮುಖವನ್ನೇ ನೋಡಿದರು.

"ನಿಮಗ ಕೇಳ್ಸಲಿಲ್ಲೇನ್ರಿ ಮೇಷ್ಟ್ರೇ?"

"ಇಲ್ಲವ್ವ," ಎಂದರು. "ಹನ್ನೆರಡು ವರ್ಷ ಆತು. ಮೊದ್ಲು ಹಕ್ಕಿ ಪಕ್ಕಿ ಹೋದ್ವು. ಆಮ್ಯಾಲ ಮಂದಿ ಹೋದ್ರು. ಕಡೀಗೆ ಸುತ್ತಿಗಿನೂ ಹೋತು."

ನಲವತ್ತು ವರ್ಷ ಲೋಹ ಬಡಿದದ್ದಕ್ಕೆ ಅವರು ತೆತ್ತದ್ದು ಕಿವಿಯನ್ನು. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುತ್ತಿದ್ದರು. ಅದಕ್ಕೇ ಎಲ್ಲರನ್ನೂ ಬೆಳಕಿಗೆ ಮುಖ ಮಾಡಿ ಕೂರಿಸುತ್ತಿದ್ದದ್ದು. ತೊಲೆಯ ಮೇಲಿನ ಅಂಗೈಯೇ ಅವರಿಗೆ ಉಳಿದದ್ದನ್ನೆಲ್ಲ ಹೇಳುತ್ತಿತ್ತು. "ಒಬ್ಬೊಬ್ಬರ ಪೆಟ್ಟಿಗೂ ಒಂದೊಂದು ನಡಿಗಿ ಐತವ್ವ. ನೀವು ಮಂದೀನ ನಡಿಗಿ ಮ್ಯಾಲ ಗುರ್ತು ಹಿಡಿಯಂಗಿಲ್ಲೇನು? ಹಂಗ." ಆಮೇಲೆ ದನಿ ತಗ್ಗಿಸಿ ಹೇಳಿದರು: "ಆಫೀಸಿನೋರಿಗೆ ಗೊತ್ತಾದ್ರ ಕಿವುಡನ ಕೈಲಿ ಏನು ಕಲಿಸ್ತೀರಿ ಅಂತ ಬಾಗ್ಲು ಹಾಕಿಸ್ತಾರ. ಯಾರಿಗೂ ಹೇಳಬ್ಯಾಡ."

ಅವಳು ಹೇಳಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಕುಳಿತು, ಎದುರಿನ ಸೀಟಿನ ಕಂಬಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನೋಡಿದಳು. ಇಂಜಿನ್ನಿನ ನಡುಕ ಬಿಟ್ಟು ಬೇರೆ ಏನೂ ತಿಳಿಯಲಿಲ್ಲ. ಹನ್ನೊಂದು ಜನರ ಪೆಟ್ಟನ್ನು ಆ ಮನುಷ್ಯ ಹೇಗೆ ಬಿಡಿಸಿ ಬಿಡಿಸಿ ಓದುತ್ತಾನೆಂದು ಯೋಚಿಸುತ್ತ ಇಳಿಯುವವರೆಗೂ ಕೈ ತೆಗೆಯಲಿಲ್ಲ.

ತರಬೇತಿಯ ಆರು ತಿಂಗಳು ಮುಗಿದವು. ಉಳಿದವರು ಸರ್ಟಿಫಿಕೇಟು ತೆಗೆದುಕೊಂಡು ಹೋದರು. ಕ್ರಾಂತಿ ಹೋಗಲಿಲ್ಲ. ಮೇಷ್ಟ್ರ ಮನೆಯ ಹಿಂದಿನ ತಗಡಿನ ಚಪ್ಪರವೇ ಅವರ ಸ್ವಂತ ಕಾರ್ಖಾನೆ, ಅಲ್ಲಿಗೆ ಬರತೊಡಗಿದಳು. ಮೇಷ್ಟ್ರ ಹೆಂಡತಿ ಕೊಟ್ರಬಸಮ್ಮ ಮೊದಲ ದಿನ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಊಟ ಆಗೈತೇನು?" ಎಂದಷ್ಟೇ ಕೇಳಿದಳು. ಎರಡನೆಯ ದಿನದಿಂದ ಅದನ್ನೂ ಕೇಳದೆ ತಟ್ಟೆ ಇಟ್ಟಳು.

ಪಾಲಣ್ಣನವರದೂ ಕುಲಕಸುಬೇನಲ್ಲ. ಕೂಡ್ಲಿಗಿ ಕಡೆಯ ಕುರಿ ಕಾಯುವ ಮನೆತನ. ಹದಿನೆಂಟರ ಹರೆಯದಲ್ಲಿ ಕೊಟ್ಟೂರಿನ ಹಿತ್ತಾಳೆ ಅಂಗಡಿಗೆ ಕುಲುಮೆಯ ತಿದಿ ಒತ್ತುವ ಕೆಲಸಕ್ಕೆ ಬಂದವರು. 'ಇದು ಹುಟ್ಟಿನಿಂದ ಬರಬೇಕು, ನಿನಗೆ ಬರೋದಲ್ಲ' ಎಂದು ಅಂಗಡಿಯವನು ಸುತ್ತಿಗೆ ಮುಟ್ಟಗೊಟ್ಟಿರಲಿಲ್ಲ. ಐದು ವರ್ಷ ತಿದಿ ಒತ್ತುತ್ತಲೇ ನೋಡಿ ನೋಡಿ, ಭಾನುವಾರ ಖಾಲಿ ಡಾಲ್ಡಾ ಡಬ್ಬಿ ಕತ್ತರಿಸಿ ಚಪ್ಪಟೆ ಮಾಡಿ ಅದರ ಮೇಲೆ ಬಡಿದು ಕಲಿತದ್ದಂತೆ. ಈಗ ಸುತ್ತಲ ಹತ್ತಾರು ಊರುಗಳ ದೇವರಿಗೆ ಅವರ ಕೈಯ ಬೆಳ್ಳಿ ಮುಖ, ಹಿತ್ತಾಳೆ ಪ್ರಭಾವಳಿ. ಬಳ್ಳಿ, ಮೊಗ್ಗು, ಗಿಳಿ, ಮಕರ, ಹೆಡೆ, ಸರಪಳಿ — ಅವರು ತುಂಬದೆ ಬಿಟ್ಟ ಜಾಗ ಒಂದು ಬೆರಳಿನಷ್ಟೂ ಸಿಗುತ್ತಿರಲಿಲ್ಲ. ಕ್ರಾಂತಿ ಯಾವ ಜಾತಿ, ಯಾವ ಓಣಿ ಎಂದು ಅವರು ಎಂದೂ ಕೇಳಲಿಲ್ಲ. ಕೇಳದೆಯೂ ಅವರಿಗೆ ಗೊತ್ತಿತ್ತು.

೧೯೯೯ರಲ್ಲಿ ಹಡಗಲಿಯಲ್ಲಿ ಭೀಮೇಶ ಮತ್ತು ಅವನ ಓಣಿಯವರು ಸೇರಿ ಒಂದು ಸಣ್ಣ ಬುದ್ಧ ವಿಹಾರ ಕಟ್ಟಿದರು. ಲೈನ್‌ಮನ್, ನರ್ಸು, ಶಾಲೆಯ ಮೇಷ್ಟ್ರು, ಗುಮಾಸ್ತರು, ಎಲ್ಲರೂ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ತೆಗೆದಿಟ್ಟು ಕಟ್ಟಿಸಿದ್ದು. ಸಿಮೆಂಟಿನ ಮೂರ್ತಿ ತರೋಣವೆಂದು ಮಾತಾಗಿತ್ತು. "ಯಾಕ ಸಿಮೆಂಟು? ನಮ್ಮ ಮೇಷ್ಟ್ರು ತಾಮ್ರದಾಗ ಮಾಡ್ತಾರ," ಎಂದು ಕ್ರಾಂತಿ ಪಟ್ಟು ಹಿಡಿದಳು. ನಾಲ್ಕಡಿ ಎತ್ತರದ ಮುಖ, ಒಂದೇ ತಗಡಿನಲ್ಲಿ, ಬೆಸುಗೆಯಿಲ್ಲದೆ. ಮೇಷ್ಟ್ರು ಒಪ್ಪಿ ಹದಿನೈದು ದಿನ ಕೂತು ಚಿತ್ರ ಬರೆದರು. ಭೀಮೇಶ ನೋಡಲು ಬಂದ.

ತಲೆಯ ಮೇಲೆ ಜ್ವಾಲೆಯಂಥ ಕಿರೀಟ, ಕಿವಿಗೆ ಕುಂಡಲ, ಸುತ್ತ ಕಮಲದ ಬಳ್ಳಿಯ ಕಮಾನು, ಆ ಕಮಾನಿನ ತುಂಬ ಜಿಂಕೆ, ಹಂಸ, ಎಲೆ. ಭೀಮೇಶ ಬಹಳ ಹೊತ್ತು ನೋಡಿದ. ಅವರ ಎದುರಿಗೆ ಕೂತೇ ಮಾತಾಡು ಎಂದಷ್ಟೇ ಕ್ರಾಂತಿ ಹೇಳಿಟ್ಟಿದ್ದಳು. ಹಾಗೆಯೇ ಕೂತು ಹೇಳಿದ:

"ಭಾಳ ಚಂದ ಐತ್ರಿ. ಆದ್ರ ಇದು ಬ್ಯಾಡ್ರಿ."

"ಯಾಕಪ?"

"ಇವ್ರು ಅರಮನಿ ಬಿಟ್ಟು ಬಂದೋರು. ಅವ್ರು ಬಿಚ್ಚಿಟ್ಟಿದ್ದನ್ನ ನಾವು ಮತ್ತ ತೊಡಿಸಿದ್ರ ಹೆಂಗ್ರಿ? ಬರೀ ಮುಖ ಸಾಕು. ಅರ್ಧ ಮುಚ್ಚಿದ ಕಣ್ಣು. ಮತ್ತೇನೂ ಬ್ಯಾಡ್ರಿ."

ಮೇಷ್ಟ್ರು ಚಿತ್ರವನ್ನು ಸುರುಳಿ ಸುತ್ತಿದರು. "ನನ್ನ ಕೈಯಾಗ ಇರೋದೆಲ್ಲ ಹೂವು ಬಳ್ಳೀನ. ಅದನ್ನ ತಗದ್ರ ನಾ ಏನ್ ಮಾಡ್ಲಿ? ಬ್ಯಾರೆ ಯಾರ್ನಾರ ನೋಡ್ರಿ," ಎಂದು ಎದ್ದು ಒಳಗೆ ಹೋದರು. ಭೀಮೇಶನಿಗೆ ಇರುಸುಮುರುಸಾಯಿತು. ಕ್ರಾಂತಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಒಂದು ವಾರ ಮೇಷ್ಟ್ರು ಚಪ್ಪರಕ್ಕೆ ಬರಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. "ನಡಿ, ನಿಮ್ಮೂರಿಗೆ ಹೋಗೋಣು. ನಿಮ್ಮ ಮಂದಿ ಮುಖ ನೋಡ್ಬೇಕು."

ಹಡಗಲಿಯಲ್ಲಿ ಎರಡು ದಿನ ಭೀಮೇಶನ ಮನೆಯಲ್ಲೇ ಉಳಿದರು. ಕ್ರಾಂತಿಯ ಅವ್ವ ಪಕ್ಕೀರಮ್ಮ ಬೆಳಕು ಹರಿಯುವ ಮೊದಲೇ ಬೇರೆಯವರ ಮಲ್ಲಿಗೆ ತೋಟಕ್ಕೆ ಮೊಗ್ಗು ಬಿಡಿಸಲು ಹೋಗುವವಳು. ಮಗನ ಸಂಬಳ ಬಂದ ಮೇಲೂ ಅವಳು ಅದನ್ನು ಬಿಟ್ಟಿರಲಿಲ್ಲ. ಮಧ್ಯಾಹ್ನ ಬಾಗಿಲ ನೆರಳಲ್ಲಿ ಕಾಲು ಚಾಚಿ ಕೂತು, ಮೊಗ್ಗಿನ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಮಾಲೆ ಕಟ್ಟುತ್ತಿದ್ದಳು. ಮೇಷ್ಟ್ರು ಎದುರಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಒಂದು ತಾಸು ಆಯಿತು, ಎರಡು ತಾಸು ಆಯಿತು, ಅವರು ಏಳಲೇ ಇಲ್ಲ. ಪಕ್ಕೀರಮ್ಮ ಮಗಳನ್ನು ಒಳಗೆ ಕರೆದು ಪಿಸುಗುಟ್ಟಿದಳು:

"ಏನೇ ಇದು? ಈ ಯಜಮಾನ್ರು ಯಾಕ ನನ್ನ ಹಿಂಗ ನೋಡ್ತಾರ?"

"ಮಾಲಿ ಕಟ್ಟೋದು ನೋಡ್ತಾರವ್ವ."

"ಯಾಕ, ಅವ್ರೂ ಕಟ್ಟಬೇಕಂತೇನು?"

ತಿರುಗಿ ಬರುವಾಗ ಬಸ್ಸು ಹಗರಿಬೊಮ್ಮನಹಳ್ಳಿ ದಾಟುವವರೆಗೂ ಮೇಷ್ಟ್ರು ಮೊಣಕಾಲಿನ ಮೇಲೆ ಬೆರಳಿನಿಂದ ಒಂದೇ ಗೆರೆಯನ್ನು ಮತ್ತೆ ಮತ್ತೆ ಎಳೆಯುತ್ತಿದ್ದರು. ಆಮೇಲೆ, "ರೆಪ್ಪಿ ಸಿಕ್ತವ್ವ," ಎಂದರು. ಯಾರ ರೆಪ್ಪೆ ಎಂದು ಅವಳು ಕೇಳಲಿಲ್ಲ.

ಕೆಲಸ ಶುರುವಾಯಿತು. ದೊಡ್ಡ ಮರದ ಚೌಕಟ್ಟಿನಲ್ಲಿ ಗೇಣುದ್ದ ದಪ್ಪಕ್ಕೆ ಅರಗು ತುಂಬಿ ಅದರ ಮೇಲೆ ತಗಡು ಹಾಸಿದರು. ತಾಮ್ರಕ್ಕೆ ಒಂದು ಸ್ವಭಾವವಿದೆ. ಹದವಾಗಿರುವಾಗ ಪೆಟ್ಟು ಬಿದ್ದರೆ ಡಬ್ ಡಬ್ ಎಂದು ಮಂದವಾಗಿ ನುಡಿಯುತ್ತದೆ. ಬಡಿದು ಬಡಿದು ದಣಿದಾಗ ಅದರ ದನಿ ಬಿರುಸಾಗಿ ಟಣ್ ಎನ್ನತೊಡಗುತ್ತದೆ. ಆಗ ನಿಲ್ಲಿಸಿ, ಬಿಡಿಸಿ ಕಾಯಿಸಿದರೆ ಮತ್ತೆ ಮೆದುವಾಗುತ್ತದೆ, ಇಲ್ಲವಾದರೆ ಸೀಳುತ್ತದೆ. ಸಣ್ಣ ಕೆಲಸಗಳಲ್ಲಿ ಮೇಷ್ಟ್ರ ಅಂಗೈಗೆ ಆ ಬದಲಾವಣೆ ತಿಳಿಯುತ್ತಿತ್ತು. ಇಷ್ಟು ದಪ್ಪ ಅರಗಿನಲ್ಲಿ ನಡುಕವೆಲ್ಲ ಮುಳುಗಿಹೋಗುತ್ತಿತ್ತು. ಅದು ಕ್ರಾಂತಿಗೆ ಗೊತ್ತಿರಲಿಲ್ಲ.

ಮೂರನೆಯ ತಿಂಗಳು. ಒಂದು ದಿನ ಬೆಳಿಗ್ಗೆಯಿಂದಲೇ ಮೂಗಿನ ಪಕ್ಕದ ಕೆನ್ನೆಯ ಮೇಲೆ ಕೆಲಸ ನಡೆದಿತ್ತು. ದನಿ ಬದಲಾದದ್ದು ಅವಳಿಗೆ ಕೇಳಿಸಿತು. ಟಣ್. ಮತ್ತೆ ಟಣ್. ಹೇಳಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡಳು. ಮುತ್ತುಗದ ಎಲೆ ಮಾಡಿದ ಕೈ ಅದು, ಹನ್ನೊಂದು ಜನರ ಪೆಟ್ಟು ಓದುವ ಕೈ; ಅದಕ್ಕೆ ತಾನೇನು ಹೇಳುವುದು? ಅವರಿಗೆ ತಿಳಿಯದೆ ಇರುತ್ತದೆಯೇ? ಮಧ್ಯಾಹ್ನದ ಹೊತ್ತಿಗೆ ಆ ದನಿ ತಂತಿಯಂತೆ ಬಿಗಿಯಾಯಿತು. ಆಮೇಲೆ ಕಾಗದ ಹರಿದಂಥ ಸಣ್ಣ ಸದ್ದು.

ಬೆರಳುದ್ದದ ಸೀಳು. ಮೇಷ್ಟ್ರು ಹೆಬ್ಬೆರಳಿನಿಂದ ಅದರ ಅಂಚು ಮುಟ್ಟಿದರು, ಇನ್ನೊಮ್ಮೆ ಮುಟ್ಟಿದರು. ಮೂರು ತಿಂಗಳ ಕೆಲಸ ಹಾಳಾಗಿತ್ತು.

ಕ್ರಾಂತಿ ಅಳುತ್ತ ಅವರ ಎದುರಿಗೆ ಬಂದು ಕೂತಳು. "ನಂಗ ಕೇಳಿಸ್ತಿತ್ರಿ ಮೇಷ್ಟ್ರೇ."

"ಎಷ್ಟೊತ್ತಿನಿಂದ?"

"ಬೆಳಿಗ್ಗಿಂದ."

ಅವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ನನ್ನ ಕೈ ಈ ಅರಗಿನ್ಯಾಗ ಕುರುಡಾಗೈತಿ ಅಂತ ನಾನೂ ನಿಂಗ ಹೇಳ್ಬೇಕಿತ್ತು," ಎಂದರು ನಿಧಾನವಾಗಿ. "ನಾ ಹೇಳಲಿಲ್ಲ, ಮರ್ಯಾದಿ ಅಡ್ಡ ಬಂತು. ನೀ ಗೌರವ ಅಂತ ಬಾಯಿ ಮುಚ್ಚಿದಿ. ಇಬ್ರ ನಡುವ ಪಾಪ ಈ ತಗಡು ಸತ್ತುಹೋತು."

ಚಹಾ ತಂದ ಕೊಟ್ರಬಸಮ್ಮ ಸೀಳು ನೋಡಿ, ಇಬ್ಬರನ್ನೂ ನೋಡಿ, ಕ್ರಾಂತಿಗೆ ಹೇಳಿದಳು: "ಮೂವತ್ತೈದು ವರ್ಷ ಆತು, ಈತನ ಮುಂದ ನಾ ಒಂದು ದಿನಾನೂ ಬಾಯಿ ಮುಚ್ಚಿಲ್ಲ. ನೀ ಯಾಕ ಮುಚ್ಚಿದಿ ಯವ್ವ?" ಮೇಷ್ಟ್ರಿಗೆ ಅವಳ ತುಟಿ ಕಂಡಿತು. ಅಷ್ಟು ದುಃಖದಲ್ಲೂ ನಕ್ಕುಬಿಟ್ಟರು.

ಮರುದಿನ ಕ್ರಾಂತಿ ಹಡಗಲಿಗೆ ಹೋಗಿ ಅಣ್ಣನ ಮುಂದೆ ಎಲ್ಲವನ್ನೂ ಹೇಳಿದಳು. ತಪ್ಪು ತನ್ನದೂ ಇದೆ ಎಂದಳು. ಭೀಮೇಶ ತಲೆಯ ಮೇಲೆ ಕೈ ಹೊತ್ತು ಕೂತ. ಕಡೆಗೆ, "ಕಂಬ ಹತ್ತಿದಾಗ ಕೆಳಗಿನವ ಕರೆಂಟ್ ತಂತಿ ತಾಗತೈತಿ ಅಂತ ಕೂಗ್ಲಿಲ್ಲ ಅಂದ್ರ ಮ್ಯಾಲಿನವ ಉಳಿಯಂಗಿಲ್ಲ. ಇನ್ನ ಮುಂದ ಕೂಗು," ಎಂದ. ಬಳ್ಳಾರಿಯಿಂದ ಹೊಸ ತಗಡು ತರಿಸಿ, ಬಸ್ಸಿನ ಮೇಲೆ ಹಗ್ಗ ಬಿಗಿದು, ತಾನೇ ಜೊತೆಗೆ ಕೂತು ಕೊಟ್ಟೂರಿಗೆ ತಂದಿಳಿಸಿದ.

ಎರಡನೆಯ ಸಲ ಕ್ರಾಂತಿ ಚೌಕಟ್ಟಿನ ಪಕ್ಕ, ಮೇಷ್ಟ್ರ ಮೊಣಕಾಲಿಗೆ ತಾಗಿ ಕೂತಳು. ದನಿ ಕೊಂಚ ಗಡುಸಾದರೂ ಮೊಣಕಾಲು ತಟ್ಟುವಳು. ಮೇಷ್ಟ್ರು ಅರ್ಧಕ್ಕೆ ಎತ್ತಿದ್ದ ಸುತ್ತಿಗೆಯನ್ನೂ ಅಲ್ಲೇ ನಿಲ್ಲಿಸುವರು. ಒಂದು ಸಲವೂ 'ಇನ್ನೊಂದು ಪೆಟ್ಟು' ಎನ್ನಲಿಲ್ಲ. ಹಾಗೆ ಐದು ತಿಂಗಳು ನಡೆಯಿತು. ಮುಖದ ಉಬ್ಬು ಮೂರು ತಿಂಗಳಲ್ಲಿ ಬಂದರೆ, ಪೆಟ್ಟಿನ ಗುರುತುಗಳನ್ನು ಬೆನ್ನಿನ ಕಡೆಯಿಂದಲೇ ತಟ್ಟಿ ಅಳಿಸಲು ಎರಡು ತಿಂಗಳು ಹಿಡಿಯಿತು. "ಬಳ್ಳಿ ಇದ್ದಿದ್ರ ತಪ್ಪೆಲ್ಲ ಅದರ ಕೆಳಗ ಮುಚ್ಚಿಬಿಡ್ತಿದ್ದೆ. ಇಲ್ಲಿ ಮುಚ್ಚಾಕ ಏನೂ ಇಲ್ಲ," ಎಂದು ಮೇಷ್ಟ್ರು ಒಂದು ದಿನ ಹೇಳಿದರು. ಜೀವಮಾನವಿಡೀ ತುಂಬುತ್ತ ಬಂದ ಮನುಷ್ಯ ಈಗ ಒಂದು ಕೆನ್ನೆಯನ್ನು ಬರಿದಾಗಿ ಬಿಡಲು ಹೆಣಗುತ್ತಿರುವುದನ್ನು ಕ್ರಾಂತಿ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಸಂಜೆ ಎದ್ದಾಗ ಮೇಷ್ಟ್ರ ಬೆರಳುಗಳು ಬಿಚ್ಚುತ್ತಿರಲಿಲ್ಲ. ಕೊಟ್ರಬಸಮ್ಮ ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ ಒಂದೊಂದೇ ಬಿಡಿಸುತ್ತಿದ್ದಳು.

೨೦೦೦ದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅರಗನ್ನು ಬೆಚ್ಚಗೆ ಮಾಡಿ ತಗಡನ್ನು ಕಡೆಯ ಬಾರಿಗೆ ಬಿಡಿಸಿದರು. ಕೂಡ್ಲಿಗಿಯಿಂದ ಯರ್ರೆಪ್ಪನೂ ಬಂದಿದ್ದ. ನಾಲ್ಕು ಜನ ಹಿಡಿದು ಅಂಗಳಕ್ಕೆ ತಂದು, ಸೀಮೆಎಣ್ಣೆಯಿಂದ ಅರಗು ಒರೆಸಿ, ಹುಣಸೆಹಣ್ಣು ಹಚ್ಚಿ ತೊಳೆದರು. ತೊಳೆಯುವಷ್ಟು ಹೊತ್ತೂ ನೀರು, ನೊರೆ, ಕೈಗಳು. ಕೊಟ್ರಬಸಮ್ಮ ಕಡೆಯ ಕೊಡ ಸುರಿದು ಹಿಂದೆ ಸರಿದಳು. ಗೋಡೆಗೆ ಆನಿಸಿ ನಿಲ್ಲಿಸಿದರು. ಎಳೆಬಿಸಿಲು ನೇರವಾಗಿ ಅದರ ಮೇಲೆ ಬಿತ್ತು.

ಕ್ರಾಂತಿಗೆ ಮೊದಲು ಅನ್ನಿಸಿದ್ದು ಯಾರೋ ಅಂಗಳಕ್ಕೆ ಬಂದಿದ್ದಾರೆ ಎಂದು. ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ ಬೆಳಕು ಎಲ್ಲೂ ತಡೆಯದೆ ಇಳಿದು ಹೋಗುತ್ತಿತ್ತು. ಸುತ್ತಿಗೆ ಮುಟ್ಟಿದ ಗುರುತೇ ಇಲ್ಲ. ಕಿರೀಟವಿಲ್ಲ, ಕುಂಡಲವಿಲ್ಲ, ಒಂದು ಎಲೆಯಿಲ್ಲ. ತುಟಿಯ ಕೊನೆಯಲ್ಲಿ ನಗು ಬಂದಿರಲಿಲ್ಲ, ಬರುವುದರಲ್ಲಿತ್ತು. ಆಮೇಲೆ ಅವಳು ರೆಪ್ಪೆಗಳನ್ನು ನೋಡಿದಳು. ತುಸು ದಪ್ಪ, ಕೊನೆಯಲ್ಲಿ ತುಸು ಇಳಿದದ್ದು, ಮುಚ್ಚಿಯೂ ಮುಚ್ಚದ್ದು. ಹುಟ್ಟಿದಾಗಿನಿಂದ ನೋಡಿದ್ದ ರೆಪ್ಪೆಗಳವು. ಬಾಗಿಲ ನೆರಳಲ್ಲಿ ಮೊಗ್ಗು ಕಟ್ಟುತ್ತ ಕೂತ ಅವ್ವನ ರೆಪ್ಪೆಗಳು. ಎಂಟು ತಿಂಗಳು ಬೆನ್ನಿನ ಕಡೆಯಿಂದ ಗುಳಿಗಳಾಗಿ, ಬಿಡಿಸಿದಾಗ ಅರಗು ಮೆತ್ತಿದ ಕಪ್ಪಾಗಿ ನೋಡುತ್ತ ಬಂದದ್ದು ಇದನ್ನೇ ಎಂದು ಅವಳಿಗೆ ಆಗ ತಿಳಿಯಿತು. ಅಲ್ಲೇ ಹಸಿ ನೆಲದ ಮೇಲೆ ಕುಳಿತಳು.

ಮೇಷ್ಟ್ರು ತಗಡಿಗೆ ಬೆನ್ನು ಮಾಡಿ ಅವಳ ಮುಖವನ್ನೇ ನೋಡುತ್ತಿದ್ದರು. "ಹೆಂಗ ಐತಿ?" ಎಂದರು. ಓದಲು ಅವಳ ತುಟಿಯಲ್ಲಿ ಏನೂ ಇರದಿದ್ದರೂ ಅವರು ತಲೆಯಾಡಿಸಿದರು. ಆಮೇಲೆಯೇ ತಿರುಗಿ ತಮ್ಮ ಕೆಲಸವನ್ನು ತಾವು ನೋಡಿದ್ದು. ನೋಡಿ ಚಪ್ಪಲಿ ಕಳಚಿ ಬದಿಗಿಟ್ಟರು.

ಬುದ್ಧ ಪೂರ್ಣಿಮೆಯ ದಿನ ಹಡಗಲಿಯ ವಿಹಾರದಲ್ಲಿ ಅದನ್ನು ಗೋಡೆಗೆ ಕೂರಿಸಿದರು. ಓಣಿಗೆ ಓಣಿಯೇ ಸೇರಿತ್ತು. ಇಟ್ಟಿಗಿ ಊರಿನಿಂದಲೂ ನೆಂಟರು ಬಂದಿದ್ದರು. ಮೇಷ್ಟ್ರು ನಾಲ್ಕು ಮಾತಾಡಬೇಕೆಂದು ಭೀಮೇಶ ಮೈಕು ಹಿಡಿದು ಬಂದರೆ ಅವರು ಕೈಮುಗಿದು ತಪ್ಪಿಸಿಕೊಂಡರು. ಜನ ಒಬ್ಬೊಬ್ಬರಾಗಿ ಮೇಣದ ಬತ್ತಿ ಹಚ್ಚಿ, ಹೂವಿಟ್ಟು, ಸರಿದು ಹೋಗುತ್ತಿದ್ದರು. ಎಷ್ಟು ಶಾಂತವಾಗಿ ಕಣ್ಣು ಮುಚ್ಚಿದ್ದಾರೆ ನೋಡು ಎಂದು ಎಲ್ಲರೂ ಹೇಳುತ್ತಿದ್ದರು. ಪಕ್ಕೀರಮ್ಮ ತಾನೇ ಕಟ್ಟಿದ ಮಾಲೆ ಇಟ್ಟವಳು ಸರಿಯಲಿಲ್ಲ. ಹಿಂದೆ ಸಾಲು ಬೆಳೆಯಿತು. ಮಗಳು ತೋಳು ಹಿಡಿದು ಕರೆದರೂ ಕದಲಲಿಲ್ಲ.

"ಮುಚ್ಚಿಲ್ಲ," ಎಂದಳು ಕಡೆಗೆ. "ಕಣ್ಣು ಮುಚ್ಚ್ಯಾರ ಅಂತಾರ ಎಲ್ರೂ. ಮುಚ್ಚಿಲ್ಲ. ಕೈಯಾಗ ಏನೋ ಕೆಲಸ ಐತಿ ಇವ್ರಿಗೆ, ಅದ್ರಾಗ ಮುಳುಗ್ಯಾರ."

ಮುಖವೊಂದೇ ಇದ್ದ ಆ ತಗಡಿನಲ್ಲಿ ಕೈ ಎಲ್ಲಿತ್ತು? ಕ್ರಾಂತಿ ಮೇಷ್ಟ್ರ ಎದುರಿಗೆ ಹೋಗಿ, ಅವರಿಗೆ ಕಾಣುವಂತೆ ತುಟಿಯಾಡಿಸಿ ಅವ್ವನ ಮಾತನ್ನು ಹಾಗೆಹಾಗೇ ಹೇಳಿದಳು. ಅವು ಯಾರ ರೆಪ್ಪೆಗಳೆಂದು ಅವ್ವನಿಗೆ ಹೇಳಲೇ ಎಂದೂ ಕೇಳಿದಳು. ಮೇಷ್ಟ್ರು ಬೇಡವೆಂದು ಕೈಯಾಡಿಸಿದರು. ಜನರ ನಡುವಿನಿಂದಲೇ ದೂರದಲ್ಲಿದ್ದ ಪಕ್ಕೀರಮ್ಮನಿಗೆ ಕೈ ಮುಗಿದರು. ಅವಳು ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದಳು.

ಹೊರಡುವಾಗ ಮೇಷ್ಟ್ರು ಭೀಮೇಶನಿಗೆ ಒಂದೇ ಮಾತು ಹೇಳಿದ್ದು: "ಇದನ್ನ ಹುಣಸಿಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ. ತನ್ನ ಬಣ್ಣ ತಾನು ತಗೊಳ್ಳಿ." ಓಣಿಯವರು ಹಾಗೆಯೇ ಬಿಟ್ಟರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಮುಖ ಹಡಗಲಿಯ ಮಣ್ಣಿನ ಬಣ್ಣಕ್ಕೆ ತಿರುಗಿತು.

ಕ್ರಾಂತಿಗೆ ೨೦೦೨ರಲ್ಲಿ ಹರಪನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕಿತು. ಶನಿವಾರ ಮಧ್ಯಾಹ್ನ, ಇಷ್ಟವಿದ್ದ ಹುಡುಗಿಯರನ್ನು ಕೂರಿಸಿಕೊಂಡು ತಗಡಿನ ಕೆಲಸ ಕಲಿಸತೊಡಗಿದಳು. ಅರಗು ಕಾಯಿಸುವುದಕ್ಕೆ ಹೆಡ್‌ಮಾಸ್ತರರು ಒಪ್ಪಲಿಲ್ಲ. ಮಕ್ಕಳು, ಬೆಂಕಿ, ಬೇಡ ಎಂದರು. ಅವಳು ಎರಡು ತಿಂಗಳು ಏನೇನೋ ಮಾಡಿ ನೋಡಿದಳು. ಕಡೆಗೆ ಟ್ರ್ಯಾಕ್ಟರಿನ ಹಳೆಯ ಟ್ಯೂಬು ಕತ್ತರಿಸಿ, ಒಳಗೆ ಸಣ್ಣ ಮರಳು ತುಂಬಿ, ಎರಡೂ ತುದಿ ಬಿಗಿದು, ಅದರ ಮೇಲೆ ತೆಳು ತಗಡಿಟ್ಟು ಮರದ ಕೊಡತಿಯಿಂದ ಬಡಿಯಲು ಹೇಳಿದಳು. ಅರಗಿನ ಮೇಲಿನಷ್ಟು ಸಣ್ಣ ಗೆರೆ ಬರುತ್ತಿರಲಿಲ್ಲ. ಆದರೆ ಅಗಲವಾದ ಉಬ್ಬುಗಳು, ಹಣ್ಣಿನ ಮೈ, ಕೆನ್ನೆ, ಗುರುತೇ ಬೀಳದೆ ನುಣ್ಣಗೆ ಎದ್ದು ಬರುತ್ತಿದ್ದವು.

೨೦೦೪ರಲ್ಲಿ ಪಾಲಣ್ಣ ಮೇಷ್ಟ್ರು ಅವಳ ಶಾಲೆ ನೋಡಲು ಬಂದರು. ಎಪ್ಪತ್ತು ಸಮೀಪಿಸಿತ್ತು. ಕೊಟ್ರಬಸಮ್ಮ ಕೈ ಹಿಡಿದು ಬಸ್ಸಿನಿಂದ ಇಳಿಸಿದಳು. ಹುಡುಗಿಯರು ಎದ್ದು ನಿಂತು ನಮಸ್ಕರಿಸಿದರು. ಮೇಷ್ಟ್ರ ಕಣ್ಣು ಮಾತ್ರ ನೆಲದ ಮೇಲಿದ್ದ ಕಪ್ಪು ಚೀಲದ ಮೇಲಿತ್ತು.

"ಏನಿದು?"

ಕ್ರಾಂತಿ ನಾಚಿಕೊಂಡು ವಿವರಿಸಿದಳು. ಅರಗಿಲ್ಲದೆ ಮಾಡುವುದನ್ನು ಕಂಡು ಬೇಜಾರಾಗುತ್ತಾರೋ ಎಂದು ಅವಳಿಗೆ ಅಳುಕಿತ್ತು. "ಮಾಡಿ ತೋರ್ಸು," ಎಂದರು. ಅವಳು ಒಂದು ತಗಡು ತೆಗೆದುಕೊಂಡು ಅರ್ಧ ಗಂಟೆಯಲ್ಲಿ ಮಾವಿನಕಾಯಿಯ ಮೈ ಎಬ್ಬಿಸಿದಳು. "ಇನ್ನೊಂದ್ಸಲ." ಮತ್ತೊಮ್ಮೆ ಮಾಡಿದಳು. ಮೂರನೆಯ ಸಲ ಅವರು ಚೀಲದ ಮೇಲೆ ಅಂಗೈ ಇಟ್ಟುಕೊಂಡು ಕೂತರು. ತಗಡು ಎತ್ತಿ ಬೆಳಕಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದರು. ಒಂದೂ ಪೆಟ್ಟಿನ ಗುರುತಿರಲಿಲ್ಲ.

"ಅಯ್ಯಯ್ಯಪ್ಪಾ," ಎಂದರು. "ನಾ ಆ ಮುಖದ ಗುರುತು ಅಳಿಸಾಕ ಎರಡು ತಿಂಗಳು ಕೈ ಮುರಕೊಂಡೆ. ಈ ಟ್ಯೂಬು ಎಲ್ಲಾ ಕಡೆ ಬಿದ್ದಿರತಾವ. ನಲವತ್ತು ವರ್ಷ ಇವನ್ನ ದಾಟಿಕೊಂಡು ಅಡ್ಡಾಡೀನಿ, ನನ್ನ ತಲಿಗೆ ಹೊಳೀಲಿಲ್ಲ ನೋಡು!" ಅವರ ಮುಖದ ತುಂಬ ಬೆರಗಿತ್ತು.

ಮೇಷ್ಟ್ರು ಅಂಗಿಯ ತೋಳು ಮಡಚಿ, ಹುಡುಗಿಯರ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕೊಡತಿಗೆ ಕೈ ಚಾಚಿದರು. ನಾಲ್ಕು ಪೆಟ್ಟು ಹಾಕಿ, ತಲೆಯೆತ್ತಿ ಅವಳ ತುಟಿಯನ್ನೇ ನೋಡುತ್ತ ಕೇಳಿದರು:

"ಸರಿ ಐತೇನ್ರಿ ಟೀಚರ್?"

ಹುಡುಗಿಯರು ಕಿಸಕ್ಕೆಂದರು. ಕ್ರಾಂತಿ ಅವರ ಎದುರಿಗೆ ಮೊಣಕಾಲೂರಿ ಕೂತಳು.

"ಭಾಳ ಬಿರುಸಾತ್ರಿ ಮೇಷ್ಟ್ರೇ. ಮರಳು ಜಾಗ ಬಿಡೋಮಟ ಕಾಯಬೇಕು. ಇನ್ನೊಂಚೂರು ಮೆಲ್ಲಕ."

"ಹಿಂಗೇನು?"

"ಹಾಂ, ಹಂಗ."

ಅವರು ಕೊಡತಿಯ ಹಿಡಿಯನ್ನು ಸ್ವಲ್ಪ ಮೇಲಕ್ಕೆ ಹಿಡಿದು, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಮತ್ತೆ ಮೊದಲಿನಿಂದ ಬಡಿಯತೊಡಗಿದರು.